ಕೊಳೆರೋಗಕ್ಕೆ ಮದ್ದು ಸಿಕ್ಕಿ ನೂರು ವರ್ಷ ದಾಟಿತು, ಅದನ್ನು ಗೊನೆಗೆ ಮುಟ್ಟಿಸುವ ಸಂಶೋಧನೆ ಎಲ್ಲಿ?

ಮಳೆಗಾಲದಲ್ಲಿ ಕೊಳೆರೋಗ ತಗಲಿ ಎಳೆ ಅಡಿಕೆ ಉದುರಲು ಶುರುವಾದ ಕೂಡಲೇ ಎರಡು ಮಾತು ಕೇಳಿಬರುತ್ತವೆ. "ಇಷ್ಟೊಂದು ಯೂನಿವರ್ಸಿಟಿ ಇವೆ, ಇಷ್ಟೊಂದು ವಿಜ್ಞಾನಿಗಳಿದ್ದಾರೆ, ಕೊಳೆಗೆ ಇವರು ಮಾಡಿದ್ದೇನು?" ಇದು ತೋಟದವರ ಮಾತು. "ಶೇಕಡಾ ಒಂದರ ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಲವಣ ಮತ್ತು ಸುಣ್ಣದ ದ್ರಾವಣ) ಹೊಡೆಯಿರಿ ಅಂತ ಹೇಳುತ್ತಲೇ ಇದ್ದೇವೆ, ಸಮಯಕ್ಕೆ ಹೊಡೆಯೋದಿಲ್ಲ, ಸರಿಯಾಗಿ ಕಲಸೋದಿಲ್ಲ." ಇದು ಸಂಶೋಧನೆಯ ಕಡೆಯವರದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಈ ಎರಡು ಮಾತಿನ ನಡುವೆ ಯಾರೂ ಕೈಗೆತ್ತಿಕೊಳ್ಳದ ಕೆಲಸ ರಾಶಿ ಬಿದ್ದಿದೆ. ಅದನ್ನು ಬಿಡಿಸಿ ಹೇಳಬೇಕು ಅನ್ನಿಸಿದ್ದರಿಂದ ಈ ಉದ್ದದ ಬರಹ.

ಮೊದಲು ಆಗಿರುವ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಎಂದು 1906ರಲ್ಲೇ ಸಸ್ಯರೋಗ ವಿಜ್ಞಾನಿ ಬಟ್ಲರ್ ಗುರುತಿಸಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಬೆನ್ನುಹತ್ತಿದರು, 1910ರಲ್ಲಿ ಕೊಳೆಯ ಮೇಲೆಯೇ ಒಂದು ಬುಲೆಟಿನ್ ಹೊರತಂದರು. ಬೋರ್ಡೋ ದ್ರಾವಣ ಅವರು ಕಂಡುಹಿಡಿದದ್ದಲ್ಲ, ಫ್ರಾನ್ಸಿನಲ್ಲಿ 1885ರ ಹೊತ್ತಿಗೇ ದ್ರಾಕ್ಷಿಗೆ ಹೊಡೆಯುತ್ತಿದ್ದರು. ಆದರೆ ದ್ರಾಕ್ಷಿ ತೋಟದ ಮಳೆಯೇ ಬೇರೆ, ನಮ್ಮ ಆಷಾಢದ ಮಳೆಯೇ ಬೇರೆ. ನುಣುಪಾದ ಅಡಿಕೆ ಕಾಯಿಯ ಮೇಲೆ ಮದ್ದು ನಿಲ್ಲಬೇಕಲ್ಲ? ಅದಕ್ಕೆ ರಾಳ ಮತ್ತು ಸೋಡದ ಅಂಟು ಸೇರಿಸಿ ಹೊಡೆಯುವ ಕ್ರಮ ಬಂತು. ನನ್ನ ಮಟ್ಟಿಗೆ ನಿಜವಾದ ಸಂಶೋಧನೆ ಈ ಅಂಟು. ಮದ್ದು ಎಲ್ಲಿಂದ ಬೇಕಾದರೂ ಬರಬಹುದು. ಅದು ಈ ಊರಿನ ಮಳೆಯಲ್ಲಿ, ಈ ಮರದ ಮೇಲೆ ನಿಲ್ಲುವ ಹಾಗೆ ಮಾಡುವುದನ್ನು ಇಲ್ಲೇ ನಿಂತು ಕಲಿಯಬೇಕು.

ಮದ್ದು ಮಳೆಗೆ ಮೊದಲೇ ಯಾಕೆ ಬೀಳಬೇಕು ಎಂಬುದನ್ನೂ ಈ ಜೀವಿಯ ಅಧ್ಯಯನವೇ ತಿಳಿಸಿಕೊಟ್ಟದ್ದು. ಇದರ ಬೀಜಕಣಗಳಿಗೆ ನೀರಿನಲ್ಲಿ ಈಜುವ ಶಕ್ತಿ ಇದೆ. ಮಳೆಹನಿ ಸಿಡಿದಾಗ ಒಂದು ಗೊನೆಯಿಂದ ಇನ್ನೊಂದಕ್ಕೆ ಹಾರುತ್ತವೆ, ಕಾಯಿಯ ಮೇಲಿನ ತೆಳು ನೀರಿನ ಪದರದಲ್ಲಿ ಈಜಿ ಒಳಗೆ ಇಳಿಯುತ್ತವೆ. ನೀರು ಹೆಚ್ಚು ಹೊತ್ತು ನಿಲ್ಲುವುದು ತೊಟ್ಟಿನ ಹತ್ತಿರ. ಅಲ್ಲೇ ಮೊದಲು ಕಡುಹಸಿರು, ನೀರು ಕುಡಿದಂಥ ಕಲೆ ಕಾಣುತ್ತದೆ. ಆಮೇಲೆ ಕಾಯಿ ಉದುರಿ, ಅದರ ಮೇಲೆ ಬಿಳಿ ಬೂಷ್ಟು ಬರುತ್ತದೆ. 20ರಿಂದ 23 ಡಿಗ್ರಿ ಉಷ್ಣಾಂಶ, ಶೇಕಡಾ 90 ದಾಟಿದ ತೇವ, ನಡುನಡುವೆ ಬಿಸಿಲು ಇಣುಕುವ ಮಳೆ, ಇವು ಸೇರಿದರೆ ಅದಕ್ಕೆ ಹಬ್ಬ. ಬೋರ್ಡೋದ ತಾಮ್ರ ಆ ನೀರಿನ ಪದರದಲ್ಲೇ ಬೀಜಕಣವನ್ನು ಕೊಲ್ಲುತ್ತದೆ. ಕಾಯಿಯ ಒಳಗೆ ಇಳಿದದ್ದನ್ನು ಅದು ಏನೂ ಮಾಡಲಾರದು. ಆದ್ದರಿಂದ ಉದುರು ಕಂಡ ಮೇಲೆ ಹೊಡೆಯುವ ಬೋರ್ಡೋ ಉಳಿದ ಕಾಯಿಗೆ ರಕ್ಷಣೆ ಮಾತ್ರ, ಹೋದ ಕಾಯಿಗೆ ಔಷಧ ಅಲ್ಲ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40-45 ದಿನಕ್ಕೆ, ಮಳೆ ಎಳೆದರೆ ಮೂರನೆಯದು. ಎರಡನೆಯದು ಯಾಕೆಂದರೆ, ಅಂಟು ತೊಳೆದುಹೋಗುತ್ತದೆ ಅಷ್ಟೇ ಅಲ್ಲ, ಕಾಯಿ ದಪ್ಪವಾಗುತ್ತಾ ಮದ್ದು ತಾಗದ ಹೊಸ ಸಿಪ್ಪೆ ಹೊರಬೀಳುತ್ತದೆ.

ಇನ್ನು ಕಲಸುವ ವಿಷಯ. ಎಡವಟ್ಟು ಹೆಚ್ಚು ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಕರಗುತ್ತದೆ. ತಳಕ್ಕೆ ಸುರಿದರೆ ಗಟ್ಟಿ ದ್ರಾವಣ ಅಡಿಯಲ್ಲೇ ನಿಂತು, ಹರಳು ಕರಗದೆ ಉಳಿಯುತ್ತದೆ. ಇದಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಬೇಕು. ಕಬ್ಬಿಣದ ಅಥವಾ ತಗಡಿನ ಪಾತ್ರೆಯಾದರೆ ತಾಮ್ರ ಪಾತ್ರೆಗೆ ಕೂತು, ಮದ್ದಿನಲ್ಲಿ ತಾಮ್ರ ಕಡಿಮೆಯಾಗುತ್ತದೆ. ಸುಣ್ಣದ ಕಲ್ಲಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ, ತಣಿಯಲು ಬಿಟ್ಟು, 50 ಲೀಟರ್ ಮಾಡಿ ಬಟ್ಟೆಯಲ್ಲಿ ಸೋಸಬೇಕು. ಬಿಸಿ ಇರುವಾಗಲೇ ಸೇರಿಸಿದರೆ ಕಣ ದಪ್ಪವಾಗಿ ಬೇಗ ಅಡಿಗೆ ಇಳಿಯುತ್ತದೆ, ಕಾಯಿಗೂ ಅಂಟುವುದಿಲ್ಲ, ನಾಝಲ್ಲೂ ಕಟ್ಟುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುವುತ್ತಿರಬೇಕು. ಇಲ್ಲವೇ ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಹೊಯ್ಯಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಬಣ್ಣ ತಿಳಿ ಆಕಾಶನೀಲಿ ಬರಬೇಕು. ಉಜ್ಜಿ ಬೆಳಗಿಸಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಹುಳಿ ಉಳಿದಿದೆ ಎಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಹುಳಿ ಇರುವ ಮದ್ದು ಎಳೆ ಕಾಯಿಯನ್ನೂ ಸಿಂಗಾರವನ್ನೂ ಸುಡುತ್ತದೆ. ಸುಣ್ಣ ಮಿತಿಮೀರಿದರೂ ತೊಂದರೆಯೇ, ತಾಮ್ರ ಬಿಡುಗಡೆಯಾಗುವುದು ನಿಧಾನವಾಗುತ್ತದೆ. ಕಲಸಿದ್ದು ಆ ದಿನವೇ ಮುಗಿಯಬೇಕು. ಬೇರೆ ಕೀಟನಾಶಕವನ್ನು ಇದರ ಜೊತೆ ಸೇರಿಸಬಾರದು, ಸುಣ್ಣದ ಕ್ಷಾರದಲ್ಲಿ ಹೆಚ್ಚಿನವು ಒಡೆದುಹೋಗುತ್ತವೆ.

ಇದೆಲ್ಲ ಕರಪತ್ರಗಳಲ್ಲಿ ಇದೆ, ಹೌದು. ಕರಪತ್ರ ಹೇಳದ ಸಂಗತಿ ಏನೆಂದರೆ, ಒಂದಕ್ಕೆ ಒಂದು ಎಂಬ ಲೆಕ್ಕ ತಾಜಾ, ಒಳ್ಳೆಯ ಸುಟ್ಟ ಸುಣ್ಣಕ್ಕೆ ಮಾತ್ರ ಹೊಂದುತ್ತದೆ. ಅಂಗಡಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತ ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಮತ್ತೆ ಸೀಮೆಸುಣ್ಣದಂಥದ್ದೇ ಆಗಿರುತ್ತದೆ. ಅದರಲ್ಲಿ ಹುಳಿ ಮುರಿಯುವ ಶಕ್ತಿ ಅರ್ಧ ಇದೆಯೋ ಕಾಲು ಇದೆಯೋ ಕಣ್ಣಿಗೆ ಕಾಣುವುದಿಲ್ಲ. ಒಬ್ಬರ ತೋಟದಲ್ಲಿ ಕಾಯಿ ಸುಟ್ಟು, ಪಕ್ಕದವರ ತೋಟದಲ್ಲಿ ಸರಿಯಾಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಇದನ್ನು ಪತ್ತೆಹಚ್ಚಲು ದೊಡ್ಡ ಪ್ರಯೋಗಾಲಯ ಬೇಡ. ಸಾಗರ, ಶಿರಸಿ, ಪುತ್ತೂರು, ಕೊಪ್ಪದಂಥ ಊರುಗಳ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಬ್ಯುರೆಟ್ ಇದೆ, ಅಳತೆ ಗೊತ್ತಿರುವ ಆಮ್ಲ ಇದೆ, ಟೈಟ್ರೇಶನ್ ಕಲಿಯುವ ಮಕ್ಕಳಿದ್ದಾರೆ. ಪ್ರತಿವರ್ಷ ಅದೇ ಬಾಟಲಿಯ ಅದೇ ದ್ರಾವಣವನ್ನು ಅಳೆದು ದಾಖಲೆ ಪುಸ್ತಕ ತುಂಬುವ ಬದಲು, ಮೇ ತಿಂಗಳಲ್ಲಿ ತಾಲೂಕಿನ ಸೊಸೈಟಿಗಳಲ್ಲಿ ಮಾರಾಟಕ್ಕಿರುವ ಸುಣ್ಣವನ್ನು ಅಳೆದು, "ಈ ಲಾಟಿಗೆ ಕಿಲೋ ಮೈಲುತುತ್ತಕ್ಕೆ ಇಷ್ಟು ಸುಣ್ಣ ಹಾಕಿ" ಎಂದು ಬೋರ್ಡಿನಲ್ಲಿ ಬರೆದು ಹಾಕಲಿ. ಯಾವ ಜರ್ನಲ್ಲಿಗೂ ಇದು ಹೋಗುವುದಿಲ್ಲ ಎಂಬುದು ನಿಜ. ಹೋಗಬೇಕಾದ ಜಾಗ ಸೊಸೈಟಿಯ ಗೋಡೆ.

ದೊಡ್ಡ ತೊಡಕು ಮರದ ಎತ್ತರ. ಮದ್ದು ಹೊಡೆಯುವ ಕೊನೆಗಾರರು ಕಡಿಮೆಯಾಗಿದ್ದಾರೆ, ಇರುವವರಿಗೆ ವಯಸ್ಸಾಗುತ್ತಿದೆ. ಪಾಚಿಗಟ್ಟಿ ಜಾರುವ ಮರ ಏರಿ, ತುದಿಯಲ್ಲಿ ಜೋತುಬಿದ್ದು, ಒಂದು ಮರದಿಂದ ಇನ್ನೊಂದಕ್ಕೆ ವಾಲಿ ಹಿಡಿದು ಮಾಡುವ ಕೆಲಸ ಅದು. ಅವರ ಮಕ್ಕಳು ಅದಕ್ಕೆ ಬರದಿದ್ದರೆ ತಪ್ಪೇನೂ ಇಲ್ಲ. ನೆಲದಲ್ಲೇ ನಿಂತು ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ, ಹಲವರಿಗೆ ಆಸರೆಯೂ ಆಗಿದೆ. ಆದರೆ ಲೆಕ್ಕ ಹಾಕಿ ನೋಡಿ. 60 ಅಡಿ ಎಂದರೆ ಸುಮಾರು 18 ಮೀಟರ್. ಅಷ್ಟು ಎತ್ತರಕ್ಕೆ ನೀರು ಏರುವುದಕ್ಕೇ 1.8 ಬಾರ್ ಒತ್ತಡ ಹೋಗುತ್ತದೆ, ಪೈಪಿನ ತಿಕ್ಕಾಟದಲ್ಲಿ ಕಳೆಯುವುದು ಬೇರೆ. ಒಳವ್ಯಾಸ 8 ಮಿಲಿಮೀಟರ್ ಇರುವ ಪೈಪಿನಲ್ಲಿ 18 ಮೀಟರಿಗೆ 900 ಮಿಲಿಲೀಟರ್ ಮದ್ದು ನಿಂತಿರುತ್ತದೆ. ಹತ್ತಿರ ಹತ್ತಿರ ಒಂದು ಕಿಲೋ ಭಾರ, ಅದೂ ಬಾಗುವ ಕೋಲಿನ ಉದ್ದಕ್ಕೂ. ತಲೆ ಎತ್ತಿ ಅದನ್ನು ಗೊನೆಗೆ ಗುರಿ ಹಿಡಿಯುವವರ ಕುತ್ತಿಗೆ, ಭುಜ ಮಧ್ಯಾಹ್ನದೊಳಗೆ ಸೋಲುತ್ತವೆ. ಪೈಪನ್ನು ಸಣ್ಣದು ಮಾಡಿದರೆ ಭಾರ ಇಳಿಯುತ್ತದೆ, ತಿಕ್ಕಾಟ ಏರುತ್ತದೆ. ಈ ಎರಡರ ನಡುವೆ ಸರಿಯಾದ ಅಳತೆ ಯಾವುದು, ಸುಣ್ಣದ ಕಣ ಕಟ್ಟದ ನಾಝಲ್ ಯಾವುದು, ಕೋಲು ಎಲ್ಲಿ ಊರಿದರೆ ಭುಜಕ್ಕೆ ಹಗುರ? ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಹೊಳೆಯುವುದಿಲ್ಲ.

ಡ್ರೋನ್ ಬಗ್ಗೆ ಬಹಳ ಆಸೆ ಇದೆ. ನನಗೆ ಅಷ್ಟು ಭರವಸೆ ಇಲ್ಲ. ಅಡಿಕೆ ಗೊನೆ ಇರುವುದು ಸೋಗೆಯ ಕೆಳಗೆ, ಹಾಳೆ ಕಳಚಿದ ಜಾಗದಲ್ಲಿ, ಕಾಂಡಕ್ಕೆ ಅಂಟಿಕೊಂಡು. ಮೇಲಿಂದ ಬಿದ್ದ ಮದ್ದು ಸೋಗೆಯನ್ನು ತೋಯಿಸುತ್ತದೆ, ತೊಟ್ಟಿನ ಬುಡವನ್ನಲ್ಲ. ಎಲೆಚುಕ್ಕೆ ರೋಗಕ್ಕೆ ಅದು ನೆರವಾಗಬಹುದು, ಏಕೆಂದರೆ ಆ ರೋಗ ಇರುವುದೇ ಎಲೆಯಲ್ಲಿ. ಒಂದು ರೋಗಕ್ಕೆ ಸರಿಹೋದದ್ದನ್ನು ಇನ್ನೊಂದಕ್ಕೆ ಪ್ರಾತ್ಯಕ್ಷಿಕೆ ತೋರಿಸಿ ಫೋಟೊ ಹಾಕುವವರು ಈ ವ್ಯತ್ಯಾಸವನ್ನು ತೋಟದವರಿಗೆ ಬಿಡಿಸಿ ಹೇಳಬೇಕು.

ಕೊಟ್ಟೆಯನ್ನೂ ನಾವು ತೀರಾ ಬೇಗ ಮರೆತೆವು. ಬೋರ್ಡೋ ಬರುವ ಮೊದಲೇ ಮಲೆನಾಡಿನವರು ಹಾಳೆ, ಕರಡದಿಂದ ಕೊಟ್ಟೆ ಮಾಡಿ ಗೊನೆಗೆ ಕಟ್ಟುತ್ತಿದ್ದರು. ನೀರು ತಾಗದಿದ್ದರೆ ರೋಗ ಇಲ್ಲ ಎಂಬುದು ಸೂಕ್ಷ್ಮದರ್ಶಕ ಇಲ್ಲದೆಯೇ ಅವರಿಗೆ ಗೊತ್ತಿತ್ತು. ಆಮೇಲೆ ಅದೇ ಉಪಾಯ 125 ಗೇಜಿನ, 75 ಸೆಂಟಿಮೀಟರಿಗೆ 60 ಸೆಂಟಿಮೀಟರಿನ ಪಾಲಿಥೀನ್ ಹೊದಿಕೆಯಾಗಿ ಶಿಫಾರಸಿನೊಳಗೆ ಬಂತು. ಕೆಳಗಿನ ಬಾಯಿ ತೆರೆದಿರಬೇಕು, ಇಲ್ಲದಿದ್ದರೆ ಬಿಸಿಲು ಬಂದಾಗ ಒಳಗೆ ಬೆವರು ಕಟ್ಟುತ್ತದೆ. ಒಮ್ಮೆ ಕಟ್ಟಿದರೆ ಮಳೆಗಾಲ ಕಳೆಯುತ್ತದೆ, ತಾಮ್ರವೂ ಮಣ್ಣಿಗೆ ಬೀಳುವುದಿಲ್ಲ. ತಾಮ್ರ ಕರಗಿ ಮಾಯವಾಗುವ ವಸ್ತು ಅಲ್ಲ. ವರ್ಷಕ್ಕೆ ಎರಡು ಮೂರು ಸಲದಂತೆ ತಲೆಮಾರುಗಳಿಂದ ಹೊಡೆದದ್ದು ಮೇಲ್ಮಣ್ಣಿನಲ್ಲೇ ಇದೆ, ಎರೆಹುಳುವಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಒಳ್ಳೆಯದಲ್ಲ. ಕೊಟ್ಟೆ ಕಟ್ಟಲೂ ಮರ ಏರಲೇಬೇಕು ಎಂಬುದು ಅದರ ಸೋಲು. ನೆಲದಿಂದಲೇ ಕೊಟ್ಟೆ ತೊಡಿಸುವ ಸಾಧನ ಯಾರಾದರೂ ಮಾಡಿಕೊಟ್ಟರೆ ಕೊಳೆಯ ಕಥೆಯೇ ಬದಲಾಗುತ್ತದೆ.

ಹವಾಮಾನದ ಮಾಹಿತಿಗೂ ಬರ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ರೋಗಕ್ಕೆ ಬೇಕಾದ ಉಷ್ಣಾಂಶ, ತೇವ ಎಷ್ಟು ಎಂಬುದು ಸಂಶೋಧನೆಗೆ ಗೊತ್ತು. "ಮುಂದಿನ ಎರಡು ದಿನ ಬೆಳಗ್ಗೆ ಬಿಡುವು ಸಿಗಬಹುದು, ಎರಡನೇ ಮದ್ದು ಈಗಲೇ ಮುಗಿಸಿ" ಎಂದು ಹೋಬಳಿಗೆ ಒಂದು ಸಂದೇಶ ಹೋಗಲು ಇವೆರಡನ್ನು ಜೋಡಿಸುವವರು ಬೇಕು. ಹೊಡೆದ ಮದ್ದು ಕಾಯಿಯ ಮೇಲೆ ಒಣಗಲು ಕೆಲವು ಗಂಟೆ ಸಿಕ್ಕರೆ ಸಾಕು.

ಎಲ್ಲಕ್ಕೂ ಹೀಗೆ ಉತ್ತರ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಳದಿ ಎಲೆ ರೋಗಕ್ಕೆ ಇವತ್ತಿಗೂ ಮದ್ದಿಲ್ಲ. ಅಲ್ಲಿ ಸಂಶೋಧಕರು ಹಿಡಿದಿರುವ ದಾರಿ, ರೋಗದ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ರೈತರ ತೋಟದಲ್ಲೇ ಹುಡುಕಿ, ಅವುಗಳಿಂದ ಸಸಿ ಮಾಡುವುದು. ಅಡಿಕೆಯಲ್ಲಿ ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಅಲ್ಲಿ ತಾಳ್ಮೆ ಬೇಕು. ಕೊಳೆಯದು ಹಾಗಲ್ಲ. ಜೀವಶಾಸ್ತ್ರದ ಗಂಟು ಬಿಡಿಸಿ ಶತಮಾನ ಕಳೆದಿದೆ, ಬಾಕಿ ಇರುವುದು ಕೈಗೆ, ಕೋಲಿಗೆ, ಗಂಟೆಗೆ, ಕೂಲಿಗೆ ಸಂಬಂಧಿಸಿದ ಪ್ರಶ್ನೆಗಳು. ಇವನ್ನು ಸಣ್ಣ ಪ್ರಶ್ನೆಗಳೆಂದು ಸಂಶೋಧನೆಗೆ ಮಾರ್ಗದರ್ಶನ ಮಾಡುವ ಗೈಡುಗಳು ಬದಿಗಿಡುವುದು ನನಗೆ ನೋವಿನ ಸಂಗತಿ. ಪ್ರಬಂಧದಲ್ಲಿ ಹೊಸ ಶಿಲೀಂಧ್ರನಾಶಕದ ಹೆಸರಿದ್ದರೆ ಸಂಶೋಧನೆ, ಮೂವತ್ತು ಮರಕ್ಕೆ ಎಷ್ಟು ಗಂಟೆ ಹಿಡಿಯಿತು ಎಂದು ಬರೆದರೆ ಅದು ಸಂಶೋಧನೆ ಅಲ್ಲ ಎಂಬ ಅಳತೆ ಬದಲಾಗಬೇಕು.

ಪ್ರಯೋಗ ಮಾಡುವ ಜಾಗವೂ ಮುಖ್ಯ. ಸಂಶೋಧನಾ ಕೇಂದ್ರದ ತೋಟದಲ್ಲಿ ಸಮ ಅಂತರ, ಬಸಿಗಾಲುವೆ, ಹೇಳಿದ ಹೊತ್ತಿಗೆ ಬರುವ ಆಳು ಎಲ್ಲ ಇರುತ್ತದೆ. ಕಣಿವೆಯ ಇಕ್ಕಟ್ಟಿನ ತೋಟದಲ್ಲಿ ಇವು ಯಾವುವೂ ಇರುವುದಿಲ್ಲ, ಕೊಳೆ ಹೆಚ್ಚು ಬರುವುದೂ ಅಲ್ಲೇ. ಹಾಗಾಗಿ ಪ್ರಯೋಗ ರೈತರ ತೋಟಕ್ಕೆ ಬರಲಿ. ಮರಗಳಿಗೆ ನಂಬರ್ ಬಳಿದು, ವಾರಕ್ಕೊಮ್ಮೆ ಬುಡದಲ್ಲಿ ಉದುರಿದ ಕಾಯಿ ಎಣಿಸಿ, ಆ ವಾರದ ಮಳೆ, ಮದ್ದು ಹೊಡೆದ ಗಂಟೆ, ಆಮೇಲೆ ಎಷ್ಟು ಹೊತ್ತಿಗೆ ಮಳೆ ಬಂತು ಎಂದು ಬರೆದಿಡಲಿ. ಹೋಲಿಕೆಗೆ ಮದ್ದು ಹೊಡೆಯದೆ ಬಿಡುವ ಮರಗಳೂ ಬೇಕು. ಬಹಳಷ್ಟು ಪ್ರಯೋಗಗಳು ರೈತರ ತೋಟದಲ್ಲಿ ಮುರಿದುಬೀಳುವುದು ಈ ಹಂತದಲ್ಲೇ. 20 ಮರ ಬಿಡಿ ಎಂದರೆ ಯಾರು ಬಿಡುತ್ತಾರೆ? ಮರಕ್ಕೆ ಎರಡು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಎಂದು ಹಿಡಿದರೂ 40 ಕಿಲೋ ಅಡಿಕೆಯನ್ನು ಪಣಕ್ಕಿಟ್ಟ ಹಾಗೆ, ಮೇಲಾಗಿ ಅಲ್ಲಿಂದ ರೋಗ ಪಕ್ಕದ ಮರಕ್ಕೂ ಸಿಡಿಯುತ್ತದೆ. ಪ್ರಾಜೆಕ್ಟಿನ ಬಜೆಟ್ಟಿನಲ್ಲಿ ರಾಸಾಯನಿಕಕ್ಕೆ, ಓಡಾಟಕ್ಕೆ, ವಿಚಾರ ಸಂಕಿರಣಕ್ಕೆ ದುಡ್ಡು ಇಡುತ್ತಾರೆ. ಈ 20 ಮರಗಳ ನಷ್ಟಕ್ಕೂ ಒಂದು ಸಾಲು ಬರೆದು, ಮೊತ್ತವನ್ನು ಮೊದಲೇ ಹೇಳಿ, ಮಳೆಗಾಲ ಹಿಡಿಯುವ ಮುನ್ನ ತೋಟದವರ ಖಾತೆಗೆ ಹಾಕಲಿ.