ಅವ್ವನ ಪಾಲು

ಅಣ್ಣನ ಮಗ ಎಂಬಿಎ ಮುಗಿಸಿ ವಿಜಯಪುರಕ್ಕೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಎಲ್ಲವೂ ಝೀರೋ ಸಮ್ ಗೇಮ್. ಬೇಸಿಗೆಯಲ್ಲಿ ಕೂಲರ್ ಯಾರ ಕಡೆ ತಿರುಗಿಸಬೇಕು ಅನ್ನೋದು ಝೀರೋ ಸಮ್. ಡಬ್ಬಿಯಲ್ಲಿ ಉಳಿದ ಕೊನೆಯ ಶೇಂಗಾ ಹೋಳಿಗೆ ಝೀರೋ ಸಮ್. "ಒಬ್ಬ ಎಷ್ಟು ಗೆಲ್ತಾನ, ಇನ್ನೊಬ್ಬ ಅಷ್ಟೇ ಸೋಲ್ತಾನ ಕಾಕಾ. ಕೂಡಿಸಿದ್ರ ಸೊನ್ನೆ" ಎನ್ನುತ್ತಲೇ ಹೋಳಿಗೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಹೋಳಿಗೆ ಮಟ್ಟಿಗೆ ಅವನ ಮಾತು ನಿಜ. ಸಿಟ್ಟು ಬರುವುದೂ ಅದಕ್ಕೇ.

ಆದರೆ ಇಂಡಿ ಬಸ್ಸಿಗೆ ಈ ಲೆಕ್ಕ ಹೊಂದುವುದಿಲ್ಲ. ಮೂವರ ಸೀಟಿಗೆ "ಸ್ವಲ್ಪ ಸರೀರಿ" ಎಂದು ನಾಲ್ಕನೆಯವರು ಬಂದು ಕೂತರೆ ಗೆದ್ದವರು ಯಾರು? ನಾಲ್ವರೂ ಅರ್ಧರ್ಧ ಜೋತಾಡುತ್ತಾರೆ. ಮೊತ್ತ ಸೊನ್ನೆಗಿಂತ ಎಷ್ಟೋ ಕೆಳಗೆ.

ಇನ್ನು ಮಾರ್ಕೆಟ್. ಉಪ್ಪಿನಕಾಯಿಗೆ ಲಿಂಬಿಹಣ್ಣು ತರಲು ಇಬ್ಬರೂ ಹೋದೆವು. ಹಣ್ಣು ಮಾರುವ ಅಜ್ಜಿಗೆ ಹಣ್ಣಿಗಿಂತ ದುಡ್ಡು ಬೇಕು, ನಮಗೆ ದುಡ್ಡಿಗಿಂತ ಹಣ್ಣು ಬೇಕು. ಕೊಟ್ಟು ತಗೊಂಡರೆ ಇಬ್ಬರಿಗೂ ಲಾಭ. ಐದು ರೂಪಾಯಿ ಜಾಸ್ತಿಯೋ ಕಮ್ಮಿಯೋ ಅನ್ನುವ ಎಳೆದಾಟ ಇದೆಯಲ್ಲ, ಅದು ಮಾತ್ರ ಝೀರೋ ಸಮ್. ನಮ್ಮ ಹುಡುಗನ ಕಣ್ಣಿಗೆ ಆ ಐದು ರೂಪಾಯಿಯೇ ಕುರುಕ್ಷೇತ್ರ. ಅಜ್ಜಿ ಇಳಿಸಿದಷ್ಟೂ ಇವನು ಇನ್ನೂ ಎಳೆದ. ಕೊನೆಗೆ ಅವರು ಬುಟ್ಟಿಗೆ ಗೋಣಿತಟ್ಟು ಮುಚ್ಚಿ, "ಹೋಗಪಾ, ನಿನಗ ಕೊಡೂದಿಲ್ಲ" ಅಂದರು. ಖಾಲಿ ಚೀಲ ಹಿಡಿದು ಮನೆಗೆ ಬಂದೆವು. ಹೆಚ್ಚಿಟ್ಟ ಹಸಿಮೆಣಸಿನಕಾಯಿ ನೋಡುತ್ತಾ ನನ್ನ ಹೆಂಡತಿ ಏನಂದಳು ಅನ್ನೋದು ಬೇಡ ಬಿಡಿ.

ಅಸಲಿ ಝೀರೋ ಸಮ್ ನೋಡಬೇಕೆಂದರೆ ಇಸ್ಪೀಟಿಗೆ ಕೂರಬೇಕು. ಹಂಗೇರಿಯ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಈ ಗಣಿತ ಬರೆದದ್ದೇ ಮನೆಯಲ್ಲಿ ಕೂತು ಆಡುವ ಇಂಥ ಆಟಗಳ ಬಗ್ಗೆ. ಆಗ ಅವರಿಗೆ ಇನ್ನೂ 24 ವರ್ಷ. ನಮ್ಮ ಹುಡುಗನಿಗೂ ಅಷ್ಟೇ. ಹೋಲಿಕೆ ಅಲ್ಲಿಗೆ ಮುಗಿಯಿತು.

ದೀಪಾವಳಿ ರಾತ್ರಿ ನಾಲ್ಕು ಜನ ರಮ್ಮಿಗೆ ಕೂತೆವು. ಆಟ ಮುಗಿದ ಮೇಲೆ ಅವನು ಲೆಕ್ಕ ಹಾಕಿದ. ಅವನು ಸೋತದ್ದು 70, ಪಕ್ಕದ ಮನೆಯವರು 30. ನನ್ನ ಹೆಂಡತಿ ಗೆದ್ದದ್ದು 60, ನಾನು 20. ಸೋತದ್ದು ನೂರು, ಗೆದ್ದದ್ದು ಎಂಬತ್ತು. ಮತ್ತೆ ಕೂಡಿಸಿದ. ಚಾಪೆ ಎತ್ತಿ ಝಾಡಿಸಿದ. ಪಕ್ಕದ ಮನೆಯವರನ್ನು ಒಂಥರಾ ನೋಡಿದ.

ಇಪ್ಪತ್ತು ರೂಪಾಯಿ ಅವ್ವನ ಸೊಂಟದ ಚೀಲದಲ್ಲಿತ್ತು. ಮಿರ್ಚಿ ಬಜಿ ತಂದಿಟ್ಟಾಗಲೆಲ್ಲ ನಡುವಿದ್ದ ರೊಕ್ಕದಿಂದ ಒಂದಿಷ್ಟು ಎತ್ತಿಕೊಂಡಿದ್ದಳು. ಕ್ಯಾಸಿನೋದವರು ಮಾಡುವುದೂ ಇದನ್ನೇ. ಪ್ರತಿ ಪೋಕರ್ ಆಟದಲ್ಲೂ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಹಾಗಾಗಿ ಆಡುವವರೆಲ್ಲರ ಲಾಭ ನಷ್ಟ ಕೂಡಿಸಿದರೆ ಯಾವತ್ತೂ ಮೈನಸ್.

ಹುಡುಗನಿಗೆ ಭಾರಿ ಖುಷಿ. ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ಇದೇ ಆಟದ ಗಣಿತದ ಮೇಲೆ ಬರೆದ 1944ರ ಪುಸ್ತಕದಲ್ಲಿ ಹೀಗೊಂದು ಉಪಾಯ ಮಾಡಿದ್ದಾರಂತೆ. ಮೊತ್ತ ಸೊನ್ನೆ ಆಗದಿದ್ದರೆ, ಇಲ್ಲದ ಒಬ್ಬ ಆಟಗಾರನನ್ನು ಸೇರಿಸಿ ಹೆಚ್ಚುಕಮ್ಮಿಯನ್ನೆಲ್ಲ ಅವನ ತಲೆಗೆ ಕಟ್ಟುವುದು.

"ಆಯಿ, ಆ ಡಮ್ಮಿ ಆಟಗಾರ ನೀನ! ನಿನ್ನ ಸೇರಿಸಿದ್ರ ಬರೋಬ್ಬರಿ ಸೊನ್ನೆ. ಆದ್ರ ಡಮ್ಮಿ ಸುಮ್ನೆ ಕೂಡಬೇಕು, ಆಟದಾಗ ಕೈ ಹಾಕಬಾರದು."

"ಹೌದೇನು?" ಅವ್ವ ಚೀಲದ ದಾರ ಬಿಗಿದಳು. "ನಾಳೆ ಆಡೋರಿದ್ರ ಹತ್ತು ರೂಪಾಯಿ ಜಾಸ್ತಿ ಇಡ್ರಿ. ಎಣ್ಣಿ ರೇಟ್ ಏರೈತಿ."