ಬಾಲವಿರುವ ಸಹಿ

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಜಪಾನಿನ ಒಂದು ಫಾರ್ಮು ನನ್ನ ಹೆಸರನ್ನು ಐದನೇ ಸಲ ವಾಪಸ್ ಕಳಿಸಿತು. ಕೆಂಪಕ್ಷರದಲ್ಲಿ, ಬಹಳ ವಿನಯದಿಂದ: ‘ದಯವಿಟ್ಟು ಝೆನ್ಕಾಕುವಿನಲ್ಲಿ ನಮೂದಿಸಿ.’

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜಪಾನಿನ ಕಂಪ್ಯೂಟರುಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಅಗಲ. ಪೂರ್ತಿ ಅಗಲದ್ದು ಝೆನ್ಕಾಕು, ಅರ್ಧ ಅಗಲದ್ದು ಹಾನ್ಕಾಕು. ದಪ್ಪ ಒಂಬತ್ತೂ ಒಂಬತ್ತೇ, ಸಣಕಲು ಒಂಬತ್ತೂ ಒಂಬತ್ತೇ, ಆದರೆ ಫಾರ್ಮಿಗೆ ಇಬ್ಬರೂ ಬೇರೆ ಬೇರೆ ಮನೆತನ. ಹೆಸರು ದಪ್ಪಗಿರಬೇಕು, ಫೋನ್ ನಂಬರು ತೆಳ್ಳಗಿರಬೇಕು, ವಿಳಾಸ ದಪ್ಪ, ಪಿನ್‌ಕೋಡು ತೆಳು. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಇತ್ತ, ಹೆಣ್ಣಿನ ಕಡೆಯವರು ಅತ್ತ ಅಂತ ಕೂರಿಸಿದ ಹಾಗೆ ನಾನೂ ಒಂದೊಂದೇ ಅಕ್ಷರವನ್ನು ಕೈಹಿಡಿದು ಕೂರಿಸಿದೆ. ಆದರೂ ಕೆಂಪು. ಕೊನೆಗೆ ಗೊತ್ತಾಗಿದ್ದು ಏನೆಂದರೆ, ನನ್ನ ಹೆಸರಿಗೂ ಸರ್‌ನೇಮಿಗೂ ನಡುವೆ ಬಿಟ್ಟಿದ್ದ ಜಾಗ ತೆಳ್ಳಗಿತ್ತಂತೆ! ಅಕ್ಷರ ಅಲ್ಲ ಸ್ವಾಮಿ, ಜಾಗ. ಏನೂ ಇಲ್ಲದ ಜಾಗ. ಏನೂ ಇಲ್ಲದಿರುವುದೂ ಇಷ್ಟೇ ಅಗಲ ಇರಬೇಕು ಅನ್ನುವ ಜನರ ಮಧ್ಯೆ ಹೋಗಿ ಎರಡು ವರ್ಷ ಬದುಕಬೇಕು ಅಂತ ನಾನು ಹೊರಟಿದ್ದೇನೆ.

ಹೊರಟಿದ್ದಾದರೂ ಹೇಗೆ ಅಂದರೆ, ಆರಿಸಿಕೊಂಡೇನೂ ಅಲ್ಲ, ಉಳಿದದ್ದಕ್ಕೆ. ಮೊದಲು ಕಣ್ಣು ಹಾಕಿದ್ದು ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ಪಿನ ಮೇಲೆ. ಅದರಲ್ಲಿ ಜಪಾನಿ ಭಾಷೆ-ಸಂಸ್ಕೃತಿ ಓದುವವರಿಗೆ ಅಂತಲೇ ಒಂದು ವರ್ಷದ ಬಗೆ ಒಂದಿದೆ, ನಿಕ್ಕೆನ್‌ಸೇ ಅನ್ನುತ್ತಾರೆ. ಫೀಸಿಲ್ಲ, ವಿಮಾನದ ಟಿಕೆಟ್ಟು ಅವರದೇ, ತಿಂಗಳಿಗೆ 1,17,000 ಯೆನ್ ಬೇರೆ. ಒಂದು ವಾರ ಅದೇ ಕನಸಿನಲ್ಲಿದ್ದೆ. ಆಮೇಲೆ ನಿಯಮ ಓದಿದೆ. ಈಗಾಗಲೇ ನಮ್ಮ ದೇಶದ ಕಾಲೇಜಿನಲ್ಲಿ ಜಪಾನಿ ಭಾಷೆಯನ್ನೋ ಸಂಸ್ಕೃತಿಯನ್ನೋ ಮುಖ್ಯ ವಿಷಯವಾಗಿ ಓದುತ್ತಿರಬೇಕಂತೆ. ನಾನು ಬಿ.ಕಾಂ. ಮುಗಿಸಿ ನಾಲ್ಕು ವರ್ಷ ಆಗಿದೆ. ಸಂಜೆ ಕ್ಲಾಸಿನಲ್ಲಿ ಕಲಿತು, ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎನ್4 ಪಾಸಾಗಿದ್ದೇನೆ. ಐದು ಹಂತದ ಏಣಿಯಲ್ಲಿ ಅದು ಕೆಳಗಿನಿಂದ ಎರಡನೆಯ ಮೆಟ್ಟಿಲು.

ಉಳಿದದ್ದು ದುಡ್ಡು ಕಟ್ಟಿ ಓದುವ ಭಾಷಾ ಶಾಲೆ. ಏಪ್ರಿಲ್‌ಗೆ ಸೇರಿದರೆ ಎರಡು ವರ್ಷ, ಅಕ್ಟೋಬರ್‌ಗೆ ಸೇರಿದರೆ ಒಂದೂವರೆ. “ವರ್ಷಕ್ಕೆ ಫೀಸು ಏಳೆಂಟು ಲಕ್ಷ” ಅಂದಾಗ ಅಪ್ಪ ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದರು. “ಯೆನ್” ಅಂದೆ. ಯೆನ್ ಅಂದರೆ ಎಷ್ಟು ಅಂತ ಕೇಳಿಕೊಂಡು, ಅರ್ಧ ರೂಪಾಯಿ ಚಿಲ್ಲರೆ ಅಂತ ತಿಳಿದು ಮತ್ತೆ ಕೂತರು. ವಾರಕ್ಕೆ 28 ಗಂಟೆ ಕೆಲಸ ಮಾಡೋಕೆ ಬಿಡುತ್ತಾರೆ, ಸ್ವಲ್ಪ ನಾನೇ ದುಡೀತೀನಿ ಅಂತಲೂ ಸೇರಿಸಿದೆ. “ಬರೀ 28? ಹುಳ ನಾಲ್ಕನೇ ಜ್ವರ ಎದ್ದಾಗ ನಾವು ಎರಡೇ ದಿನದಲ್ಲಿ ಅಷ್ಟು ಗಂಟೆ ಸೊಪ್ಪು ಹಾಕ್ತೀವಿ” ಅಂದರು.

ನಮ್ಮದು ಕೊಳ್ಳೇಗಾಲದ ಕಡೆ, ರೇಷ್ಮೆ ಮನೆ. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಅಪ್ಪನಿಗೆ ಜಪಾನ್ ಅಂದರೆ ಅನಿಮೆಯೂ ಅಲ್ಲ, ಬುಲೆಟ್ ಟ್ರೈನೂ ಅಲ್ಲ. 1991ರಿಂದ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದವರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೀನ್ ಹುಳ ಸಾಕುವುದನ್ನು ನಮ್ಮ ಕಡೆ ಹಬ್ಬಿಸಿದರಲ್ಲ, ಆ ಜಪಾನ್. ಹಾಗಾಗಿ ಅಲ್ಲಿನವರೆಲ್ಲ ತಮಗೆ ದೂರದ ಬೀಗರು ಎನ್ನುವ ಧೋರಣೆ. “ನಮ್ಮ ಕಡೆ ಹುಳ ಅಂತ ಬರಿ, ಕೊಡ್ತಾರೆ” ಅನ್ನುವುದು ಅವರ ಸಲಹೆ.

ಏನು ಬರೆಯಬೇಕು ಅನ್ನುವುದು ಮಾತ್ರ ಶಾಲೆಗೆ ಅರ್ಜಿ ಹಾಕಿಸುವ ಏಜೆಂಟನ ಕೈಲಿತ್ತು. ಯಾಕೆ ಜಪಾನಿ ಕಲೀತೀರಿ ಅಂತ ಒಂದು ಪುಟ ಬರೆಯಬೇಕು. ನಾನು ನಿಜ ಬರೆದೆ. ಕನ್ನಡದಲ್ಲಿ ‘ತಿಂದು ನೋಡು’ ಅನ್ನುತ್ತೇವೆ, ಜಪಾನಿಯಲ್ಲೂ ‘ತಾಬೆತೆ ಮಿರು’, ಅಂದರೆ ತಿಂದು ನೋಡು. ‘ಮರೆತುಬಿಟ್ಟೆ’ ಅನ್ನುವುದಕ್ಕೆ ಅವರಲ್ಲೂ ಒಂದು ‘ಬಿಟ್ಟೆ’ ಇದೆ. ‘ಬರ್ತೀನಿ ಅಂತ ಅಂದ’ ಅನ್ನುವಾಗಿನ ‘ಅಂತ’ ಕೂಡ ಅದೇ ಜಾಗದಲ್ಲಿ ಕೂತಿದೆ. ನಾಲಿಗೆ ಮಾಡುವ ಕೆಲಸಕ್ಕೆ ಕಣ್ಣನ್ನು ಕಳಿಸುವ ಇನ್ನೊಂದು ಜನ ಸಮುದ್ರದಾಚೆ ಇದ್ದಾರೆ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ ಅಂತ ಬರೆದಿದ್ದೆ. ಏಜೆಂಟ್ ಪೂರ್ತಿ ಹೊಡೆದುಹಾಕಿ, ‘ನಾನು ಭಾರತ ಮತ್ತು ಜಪಾನ್ ನಡುವೆ ಸೇತುವೆ ಆಗಲು ಇಚ್ಛಿಸುತ್ತೇನೆ’ ಅಂತ ಸೇರಿಸಿದ. ನನ್ನ ಜೊತೆ ಅರ್ಜಿ ಹಾಕುವ ಆರು ಜನರೂ ಸೇತುವೆಗಳೇ. ಇಷ್ಟು ಸೇತುವೆ ಇದ್ದಮೇಲೆ ವೀಸಾ ಯಾಕೆ, ನಡೆದುಕೊಂಡೇ ಹೋಗಬಹುದು.

ಇನ್ನು ಸರ್‌ನೇಮು. ನಮಗೆಲ್ಲಿಯದು? ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ಲು, ಒಂದು ಊರು, ಒಂದು ಅಪ್ಪ. ಪಾಸ್‌ಪೋರ್ಟ್ ಮಾಡಿಸಿದವನು ಅಪ್ಪನ ಹೆಸರನ್ನು ಎತ್ತಿ ಸರ್‌ನೇಮಿನ ಜಾಗಕ್ಕೆ ಹಾಕಿ ಕೈತೊಳೆದುಕೊಂಡಿದ್ದ. ಜಪಾನಿನಲ್ಲಿ ಕರೆಯುವುದು ಸರ್‌ನೇಮ್ ಹಿಡಿದು, ಅದಕ್ಕೊಂದು ‘ಸಾನ್’ ಸೇರಿಸಿ. ಅಂದರೆ ದಿನಾ ಬೆಳಗ್ಗೆ ಹಾಜರಿ ಕರೆಯುವಾಗ ಮೇಷ್ಟ್ರು ನಮ್ಮಪ್ಪನನ್ನು ಕರೆಯುತ್ತಾರೆ, ನಾನು ಎದ್ದು ‘ಹಾಯ್’ ಅನ್ನಬೇಕು. ನಮ್ಮ ಕಡೆ ಅಪ್ಪನ ಹೆಸರು ಹಿಡಿದು ಕರೆದರೆ ಸ್ಕೂಲಿನ ಮೈದಾನದಲ್ಲಿ ಅಂಗಿ ಹರಿಯುತ್ತಿತ್ತು. ಸಾಲದ್ದಕ್ಕೆ ಅಪ್ಪನ ಹೆಸರಿನಲ್ಲಿ ಒಂದು ‘ಲ್ಲ’ ಇದೆ. ಹೆಸರು ಹೇಳುವುದಿಲ್ಲ, ಅವರು ಇದನ್ನು ಓದುತ್ತಾರೆ. ಜಪಾನಿಯಲ್ಲಿ ‘ಲ’ ಇಲ್ಲ, ಎಲ್ಲ ‘ರ’. ಮಲ್ಲಿಗೆಯನ್ನು ಮರ್ರಿಗೆ ಅಂದ ಹಾಗೆ ಅಪ್ಪ ಆಗಿದ್ದಾರೆ. ಊರನ್ನಾದರೂ ಹಾಕಿದ್ದರೆ ‘ಕೊರ್ರೇಗಾರ-ಸಾನ್’ ಅನ್ನಿಸಿಕೊಂಡು, ಕೊರೆಯುವವಳು ಅಂತಲಾದರೂ ಹೆಸರು ಮಾಡಬಹುದಿತ್ತು.

ಖರ್ಚು ಹೊರುವವರ ಪತ್ರದಲ್ಲಿ ಅಪ್ಪನೇ ಹೊರುವವರು. ಮೂರು ವರ್ಷದ ತೆರಿಗೆ ದಾಖಲೆ ಕೇಳಿದ್ದರು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾದರೆ ಆದಾಯ ಪ್ರಮಾಣಪತ್ರ ಕೊಡಿ ಅಂದರು. ಅದು ಇದೆ, ಆದರೆ ನನ್ನ ಕಾಲೇಜು ಫೀಸಿನ ರಿಯಾಯಿತಿಗೆ ಮಾಡಿಸಿದ್ದು. ಅದರ ಪ್ರಕಾರ ನಮ್ಮ ಮನೆಯವರು ಇಷ್ಟು ವರ್ಷ ಬದುಕಿರುವುದೇ ಪವಾಡ.

ಇದೆಲ್ಲ ಹೇಗೋ ಆಯಿತು. ನಿಂತದ್ದು ಸಹಿಯಲ್ಲಿ.

ಅಪ್ಪನ ಸಹಿಗೆ ಬಾಲ ಇದೆ. ಕನ್ನಡದಲ್ಲಿ ಹೆಸರು ಬರೆದು, ಕೊನೆಯ ಅಕ್ಷರದಿಂದ ಪೆನ್ನು ಎತ್ತದೆ ಹಿಂದಕ್ಕೆ ಬಂದು, ಇಡೀ ಹೆಸರಿನ ಅಡಿಯಲ್ಲಿ ಹಾದು, ಮೊದಲ ಅಕ್ಷರವನ್ನೂ ದಾಟಿ ಮೇಲಕ್ಕೆ ಸುತ್ತಿ, ಕೆಳಗೆ ಎರಡು ಚುಕ್ಕಿ ಇಡುತ್ತಾರೆ. ಆ ಚುಕ್ಕಿ ಯಾಕೆ ಅಂತ ಅಮ್ಮನಿಗೂ ಗೊತ್ತಿಲ್ಲ. ಬ್ಯಾಂಕಿನವರು ಹೊಂದಿಕೆ ಆಗುತ್ತಿಲ್ಲ ಅಂದರು. ಖಾತೆ ತೆರೆದಾಗ ಬಾಲ ಗಿಡ್ಡ ಇತ್ತಂತೆ. ವಯಸ್ಸಾದಂತೆ ಬೆಳೆದಿದೆ. ಜಪಾನಿನ ಫಾರ್ಮಿನಲ್ಲೋ ಸಹಿಗೆ ಬೆಂಕಿಪೊಟ್ಟಣದಷ್ಟು ಚೌಕ. ಗೆರೆ ದಾಟಬಾರದು, ವೈಟ್ನರ್ ಹಚ್ಚಬಾರದು, ತಪ್ಪಾದರೆ ಹೊಸದಾಗಿ ಬರೆಯಬೇಕು. ಮೊದಲ ಪ್ರತಿಯಲ್ಲಿ ಬಾಲ ಚೌಕದಿಂದ ಹೊರಟು ಪಕ್ಕದ ಯೆನ್ ಮೊತ್ತದ ಮೂರು ಸೊನ್ನೆಗಳನ್ನು ಹೊಡೆದುಹಾಕಿತು. ಎರಡನೆಯದರಲ್ಲಿ “ಒಳಗೇ ಹಾಕಿ ಅಪ್ಪ” ಅಂದದ್ದಕ್ಕೆ ಕೈ ನಡುಗಿ ಹೆಸರೇ ಅರ್ಧಕ್ಕೆ ನಿಂತಿತು. ಮೂರನೆಯ ಪ್ರತಿಯಲ್ಲಿ ಸಹಿ ಸರಿಯಾಗಿ ಬಂತು. ಅಷ್ಟರಲ್ಲಿ ಅಪ್ಪನ ಕಣ್ಣು ಪಕ್ಕದ ಒಂದು ಚಿತ್ರಾಕ್ಷರದ ಮೇಲೆ ಬಿತ್ತು.

“ಇದೇನು?”

“ಇನ್. ಮೊಹರು. ಅವರ ಕಡೆ ಸಹಿ ಬದಲು ಮೊಹರು ಒತ್ತುತ್ತಾರೆ.”

ಅಪ್ಪನ ಮುಖ ಅರಳಿತು. ನಾನು ಫೋನಿನಲ್ಲಿ ಸ್ಕ್ಯಾನರ್ ತೆರೆಯುವಷ್ಟರಲ್ಲಿ ಟ್ರಂಕಿನ ಬೀಗದ ಸದ್ದು, ಆಮೇಲೆ ‘ಠಪ್’. ಹನ್ನೊಂದು ವರ್ಷದ ಹಿಂದೆ ಬಿಟ್ಟ ಹುದ್ದೆ, ಒಣಗದ ಸ್ಟಾಂಪ್ ಪ್ಯಾಡು. ನೇರಳೆ ಶಾಯಿಯಲ್ಲಿ, ದುಂಡಗೆ, ‘ಕಾರ್ಯದರ್ಶಿ, ಹಾಲು ಉತ್ಪಾದಕರ ಸಹಕಾರ ಸಂಘ’. “ಜಪಾನಿನವರಿಗೆ ಮರ್ಯಾದೆ ಗೊತ್ತು, ಮೊಹರು ಕೇಳ್ತಾರೆ” ಅಂತ ಊದಿ ಊದಿ ಒಣಗಿಸುತ್ತಿದ್ದರು. ನಾನು ರೇಗಿದೆ. ಸ್ವಲ್ಪ ಜಾಸ್ತಿಯೇ ರೇಗಿದೆ. ಝೆರಾಕ್ಸ್ ಅಂಗಡಿಯವನು ಪುಟಕ್ಕೆ ಐದು ರೂಪಾಯಿ ತಗೋತಾನೆ, ಕಲರ್ ಆದರೆ ಹತ್ತು ಅಂತೆಲ್ಲ ಕೂಗಾಡಿದೆ. ಅಪ್ಪ ಮೊಹರನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗಿಟ್ಟು ಸೊಪ್ಪು ಕೊಯ್ಯಲು ಹೋದರು.

ಇವತ್ತು ಬೆಳಗ್ಗೆ ಕ್ಯಾಲೆಂಡರಿನಲ್ಲಿ ಕೊನೆ ದಿನಾಂಕ ನೋಡಲು ಹೋದೆ. ನಾಡಿದ್ದು, ಜಪಾನಿನ ಸಂಜೆ ಐದು, ಅಂದರೆ ನಮ್ಮ ಮಧ್ಯಾಹ್ನ ಒಂದೂವರೆ. ಕಳೆದ ತಿಂಗಳ ಹಾಳೆ ಕಿತ್ತು ಮಡಚಿಟ್ಟಿತ್ತು. ಬಿಡಿಸಿದೆ. ಹಿಂದುಗಡೆ ಸ್ಕೇಲಿಟ್ಟು ಎಳೆದ ಚೌಕಗಳು, ಬೆಂಕಿಪೊಟ್ಟಣದಷ್ಟೇ. ಒಂದೊಂದರಲ್ಲೂ ಒಂದು ಸಹಿ. ಮೇಲಿನ ಸಾಲಿನಲ್ಲಿ ಬಾಲ ಗೆರೆ ದಾಟಿದೆ, ಆಮೇಲಿನ ಸಾಲಿನಲ್ಲಿ ಮುಟ್ಟಿದೆ, ಆಮೇಲೆ ಒಳಗೇ ಮುದುಡಿದೆ. ಕೊನೆಯ ಸಾಲಿನಲ್ಲಿ ಬಾಲವೂ ಇಲ್ಲ, ಚುಕ್ಕಿಯೂ ಇಲ್ಲ. ಯಾರೋ ಬೇರೆಯವರ ಸಹಿಯ ಹಾಗೆ, ನೀಟಾಗಿ.

ಹಾಳೆಯನ್ನು ಹಾಗೇ ಮಡಚಿಟ್ಟು ಕಾಫಿ ಮಾಡಿಕೊಂಡು ಹೋದೆ. ಅಪ್ಪ ಜಗಲಿಯಲ್ಲಿ ಕೂತು ನನ್ನ ಪ್ರಿಂಟು ತಿರುವಿ ಹಾಕುತ್ತಿದ್ದರು, ನಾಲ್ಕನೆಯದು.

“ಇದರಲ್ಲಿ ನನ್ನ ಹೆಸರು ಎಲ್ಲಿದೆ?”

ಬೆರಳಿಟ್ಟು ತೋರಿಸಿದೆ. ಹೊರಗಿನವರ ಹೆಸರು ಬರೆಯುವ ಕಟಕಾನಾ ಲಿಪಿಯ ಆರು ಅಕ್ಷರ, ಎಲ್ಲವೂ ದಪ್ಪ, ಝೆನ್ಕಾಕು. ಓದಿ ಹೇಳು ಅಂದರು. ‘ರ್ರ’ ಸಮೇತ ಓದಿದೆ. ತಾವೂ ಒಂದು ಸಲ ಅಂದುಕೊಂಡು ನಕ್ಕರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ನಾನು “ಅಪ್ಪಾ” ಅನ್ನುವಷ್ಟರಲ್ಲಿ, ಆ ಕಟಕಾನಾದ ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದು ಬಾಲ ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟರು.