ಸಾರಿಗೆ ಬೆಲ್ಲ ಹಾಕಿದ್ಯಾ?

ಭಾನುವಾರ ತರಕಾರಿ ಹೆಚ್ಚಲು ನಿಂತವನ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಬದನೆಕಾಯಿಯ ಮುಳ್ಳು ನನಗೆ ಗೊತ್ತು. ಅದು ಮರ್ಯಾದಸ್ಥ ಮುಳ್ಳು, ತೊಟ್ಟಿನ ಹತ್ತಿರ ಮಾತ್ರ ಇರುತ್ತದೆ. ಆರ್ಟಿಚೋಕ್ ಅಂತ ಒಂದು ತರಕಾರಿ, ದಪ್ಪ ಎಸಳಿನ ಹೂಮೊಗ್ಗು. ಅದಕ್ಕೆ ಎಸಳಿಗೊಂದು. 

ತಪ್ಪು ನನ್ನದೇ. ಹಿಂದಿನ ದಿನ ಕ್ಯಾಲಿಫೋರ್ನಿಯಾದ ಮಾಂಟೆರೆಯಿಂದ ಸನ್ನಿವೇಲ್‌ಗೆ ವಾಪಸು ಬರುವಾಗ ಕ್ಯಾಸ್ಟ್ರೊವಿಲ್‌ನಲ್ಲಿ ಕಾರು ನಿಲ್ಲಿಸಿದ್ದೆ. ಬೀದಿಗೆ ಅಡ್ಡಲಾಗಿ ಕಮಾನು ಕಟ್ಟಿ ‘ಜಗತ್ತಿನ ಆರ್ಟಿಚೋಕ್ ಕೇಂದ್ರ’ ಅಂತ ಬರೆದುಕೊಂಡಿರುವ ಊರು. 1948ರಲ್ಲಿ ಮರ್ಲಿನ್ ಮನ್ರೋಗೆ ಆರ್ಟಿಚೋಕ್ ರಾಣಿ ಪಟ್ಟ ಕಟ್ಟಿದ್ದೂ ಇಲ್ಲೇ. ಇಂಥ ಊರಲ್ಲಿ ಬರಿಗೈಲಿ ಬರುವುದು ನನಗಾಗದು. ಚನ್ನಪಟ್ಟಣದಲ್ಲಿ ಗೊಂಬೆ, ಮದ್ದೂರಿನಲ್ಲಿ ವಡೆ, ಇಲ್ಲಿ ಇದು. ಆರು ಕೊಂಡೆ. “ಯಾರ್ರೀ ಹೆಚ್ಚೋರು?” ಅಂತ ಹೆಂಡತಿ ಅಂಗಡಿಯಲ್ಲೇ ಕೇಳಿದಳು. “ನಾನೇ” ಅಂದೆ.

ವಿಡಿಯೊದಲ್ಲಿ ಒಬ್ಬ ಹುಡುಗ ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ನಗುತ್ತಾನೆ. ನನಗೆ ಮೂರಕ್ಕೇ ಒಂದು ಗಂಟೆ ಹಿಡಿಯಿತು. ಕೊಯ್ದ ಕಡೆ ನಿಂಬೆಹಣ್ಣು ಉಜ್ಜುವಷ್ಟರಲ್ಲೇ ಕಪ್ಪಾಗುತ್ತದೆ. ಬಾಳೆಹೂವಾದರೂ ಮಜ್ಜಿಗೆ ನೀರಿಗೆ ಹಾಕಿದರೆ ತೆಪ್ಪಗಿರುತ್ತದೆ. ಮೂರನ್ನೂ ಇಡ್ಲಿ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಲು ಬಿಟ್ಟೆ. ಮುಕ್ಕಾಲು ಗಂಟೆ!

ಅಷ್ಟು ಹೊತ್ತು ನಾನು ಫಿಯೊರೆಲ್ಲೊ ಲಾ ಗಾರ್ಡಿಯಾನನ್ನು ನೆನೆಯುತ್ತಾ ಕೂತೆ. ಈಗ ನ್ಯೂಯಾರ್ಕಿನ ಒಂದು ವಿಮಾನ ನಿಲ್ದಾಣಕ್ಕೆ ಅವನ ಹೆಸರಿದೆ. ಆಗ ಅವನು ಆ ಊರಿನ ಮೇಯರ್. 1935ರ ಡಿಸೆಂಬರ್. ಕೊರೆಯುವ ಚಳಿಯಲ್ಲಿ, ಬೆಳಬೆಳಗ್ಗೆ, ಬ್ರಾಂಕ್ಸಿನ ಸಗಟು ಮಾರುಕಟ್ಟೆಗೆ ಬಂದ. ಕಹಳೆ ಊದಿಸಿದ. ಇನ್ನು ಮುಂದೆ ಈ ಊರಲ್ಲಿ ಆರ್ಟಿಚೋಕ್ ಮಾರುವಂತಿಲ್ಲ ಅಂತ ಸಾರಿದ. ಯಾಕೆ ಅಂದರೆ ಆ ವ್ಯಾಪಾರವೆಲ್ಲ ಸೀರೊ ಟೆರನೋವಾ ಎಂಬ ಮಾಫಿಯಾ ಆಸಾಮಿಯ ಹಿಡಿತದಲ್ಲಿತ್ತು. ಕ್ಯಾಲಿಫೋರ್ನಿಯಾದ ಮಾಲು ಅವನ ಕಡೆಯವರ ಕೈಗೆ ಹೋಗಬೇಕು, ಅವರು ಹೇಳಿದ್ದೇ ಬೆಲೆ. ಅವನಿಗೆ ಬಿರುದೇ ‘ಆರ್ಟಿಚೋಕ್ ರಾಜ’. ಕಲಾಸಿಪಾಳ್ಯದಲ್ಲಿ ಯಾವನಾದರೂ ‘ಹೀರೇಕಾಯಿ ರಾಜ’ ಅಂತ ಹೆಸರಿಟ್ಟುಕೊಂಡು ಓಡಾಡಿದರೆ ಯಾರಾದರೂ ಹೆದರುತ್ತಾರಾ? ಇವನಿಗೆ ಹೆದರುತ್ತಿದ್ದರು. ಮುಳ್ಳು ಚುಚ್ಚಿದ ಮೇಲೆ ಆ ರೌಡಿ ಈ ತರಕಾರಿಯನ್ನೇ ಯಾಕೆ ಆರಿಸಿಕೊಂಡ ಅಂತ ನನಗೆ ಸ್ವಲ್ಪ ಅರ್ಥವಾಯಿತು.

ನನಗೆ ಇಷ್ಟವಾಗಿದ್ದು ಕಹಳೆ. ನಮ್ಮ ಮನೆಯಲ್ಲೂ ಕೆಲವು ವಿಷಯ ಕಹಳೆ ಊದಿಯೇ ಹೇಳಬೇಕು. ನಾನು ಅಡುಗೆ ಮಾಡುವಾಗ ಹಿಂದೆ ನಿಂತು ‘ಹಾಗಲ್ಲ, ಹಾಗಲ್ಲ’ ಅನ್ನುವಂತಿಲ್ಲ. ‘ಡಬ್ಬಿಯಲ್ಲಿ ಸುಲಿದೇ ಸಿಗುತ್ತಲ್ಲ’ ಅಂತ ಅರ್ಧ ಕೆಲಸ ಮುಗಿದ ಮೇಲೆ ನೆನಪಿಸುವಂತಿಲ್ಲ. ಇಡ್ಲಿ ಪಾತ್ರೆ ಕಪ್ಪಾಯಿತೇ ಅಂತ ಮುಚ್ಚಳ ತೆಗೆದು ತೆಗೆದು ನೋಡುವಂತಿಲ್ಲ. ಪಾಪ, ಆ ನಿಷೇಧ ಕೆಲವೇ ದಿನ ಇತ್ತು. ಬೆಲೆ ಇಳಿಯಿತು, ತೆಗೆದುಬಿಟ್ಟರು. ಮೇಯರಿಗೂ ಆರ್ಟಿಚೋಕ್ ಅಂದರೆ ಪ್ರಾಣವಂತೆ. ಅವನಿಗೇನು, ಹೆಚ್ಚಿ ಕೊಡಲು ಬೇರೆಯವರಿದ್ದರು.

ಬೆಂದಿತು. ಎಸಳು ಕಿತ್ತು, ಬೆಣ್ಣೆಗೆ ಅದ್ದಿ, ಕೆಳಹಲ್ಲಿನಿಂದ ಕೆರೆದು ತಿನ್ನಬೇಕು. ನುಗ್ಗೆಕಾಯಿ ಜಗಿದು ಬೆಳೆದವರಿಗೆ ಇದೇನು ಕಷ್ಟವಲ್ಲ. ಆದರೆ ನುಗ್ಗೆಕಾಯಿ ಜೊತೆ ಅನ್ನ ಸಾಂಬಾರ್ ಇರುತ್ತದೆ. ಇಲ್ಲಿ ಎಷ್ಟು ಕೆರೆದರೂ ನಾಲಿಗೆಗೆ ಸಿಗುವುದು ಒಂದು ಸವರು. ಬಟ್ಟಲಲ್ಲಿ ಸಿಪ್ಪೆ ಬೆಟ್ಟದಂತೆ ಏರಿತು. ಕೊನೆಗೆ ಒಳಗಿನ ನವಿರಾದ ರೋಮವನ್ನೆಲ್ಲ ಚಮಚದಲ್ಲಿ ಕೆರೆದು ಬಿಸಾಡಿದರೆ ತಳದಲ್ಲಿ ನಿಪ್ಪಟ್ಟಿಗಿಂತ ಚಿಕ್ಕದೊಂದು ಬಿಲ್ಲೆ. ರುಚಿ ಚೆನ್ನಾಗಿತ್ತು. ಅದೇ ನನ್ನ ಸಿಟ್ಟು.

ಆಮೇಲೆ ಹೊಟ್ಟೆಗೆ ಅನ್ನ, ತಿಳಿಸಾರು. ಒಂದು ತುತ್ತಿಗೇ ನಿಲ್ಲಿಸಿದೆ. “ಸಾರಿಗೆ ಬೆಲ್ಲ ಹಾಕಿದ್ಯಾ?” ನನ್ನವಳು ಉಡುಪಿಯವಳು, ನಾನು ತುಮಕೂರಿನವನು. ಸಾರಿಗೆ ಬೆಲ್ಲ ಬೇಡ ಅಂತ ಮದುವೆಯಾದ ವರ್ಷವೇ ರಾಜಿಯಾಗಿದೆ. ಇಲ್ಲ ಅಂದಳು. ನೀರು ಕುಡಿದೆ. ನೀರೂ ಸಿಹಿ! ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ.

ಆರ್ಟಿಚೋಕಿನಲ್ಲಿ ಸೈನರಿನ್ ಅಂತ ಒಂದಿದೆ, ಕೆಲವರ ನಾಲಿಗೆಗೆ ಹೀಗೆ ಮಾಡುತ್ತದೆ ಅಂತ ಫೋನು ನೋಡಿ ವಿವರಿಸಿದೆ. ಅವಳ ನಾಲಿಗೆಗೆ ಏನೂ ಆಗಿರಲಿಲ್ಲ. ಪೂರ್ತಿ ಕೇಳಿಸಿಕೊಂಡಳು.

“ಫ್ರಿಜ್ಜಲ್ಲಿ ಇನ್ನೂ ಮೂರು ಇದೆಯಲ್ವಾ? ಅದು ಮುಗಿಯೋವರೆಗೂ ಬೆಲ್ಲ ಹಾಕ್ತೀನಿ ಬಿಡಿ. ನಿಮಗೆ ಹೇಗೂ ಗೊತ್ತಾಗಲ್ಲ” ಅಂದಳು.